ಪಾಲಿಶ್ ಹೋಯಿತು, ಮರವೂ ಹೋಯಿತು

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸುವ ಸಡಗರ. ಒರೆಸಿ ಹೂ ಮುಡಿಸಿದ್ದರೆ ಸಾಕಿತ್ತು. ಆದರೆ ಮನೆಗೊಬ್ಬರಿಗೆ ‘ಮರದ ಹಿಡಿಯ ಪಾಲಿಶನ್ನೇ ಹೊಸದು ಮಾಡಿಬಿಡೋಣ’ ಅನ್ನಿಸುತ್ತದೆ, ಕೈ ಸೀದಾ 60 ನಂಬರಿನ ಒರಟು ಪಾಲಿಶ್ ಪೇಪರಿಗೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

ಒಳ್ಳೆಯ ಕೆಲಸಗಾರ ಲೋಹದ ಸುತ್ತ ಮರವನ್ನು ಕೂದಲೆಳೆಯಷ್ಟು ಎತ್ತರ ಬಿಟ್ಟಿರುತ್ತಾನೆ. ಪೇಪರ್ ಅದನ್ನೇ ಮೊದಲು ತಿನ್ನುತ್ತದೆ. ಆಮೇಲೆ ಹೆಗಲಿಗೆ ಒತ್ತುವ ತುದಿಯ ತಗಡು, ಅಂದರೆ ಬಟ್‌ಪ್ಲೇಟಿನ ಅಂಚು ಅಂಗಿ ಹರಿಯುತ್ತದೆ, ಚೂಪಾಗಿದ್ದ ಗೆರೆಗಳೆಲ್ಲ ಸೋಪಿನಂತೆ ಸವೆದು ದುಂಡಗಾಗುತ್ತವೆ.

ಮೊದಲು ಕೋವಿ ಖಾಲಿಯಿದೆಯೇ ನೋಡಿ, ಲೋಹವನ್ನೆಲ್ಲ ಬಿಚ್ಚಿ. ಬಟ್‌ಪ್ಲೇಟಿನ ಅಡಿಯ ಕಾಣದ ಜಾಗಕ್ಕೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅಂಟಂಟಾದರೆ ಅರಗಿನ ಪಾಲಿಶ್. ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಬಹುಶಃ ಪಾಲಿಯುರಿಥೇನ್; ಪೇಂಟ್ ರಿಮೂವರ್ ತನ್ನಿ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ಒಂದೇ ದಿಕ್ಕಿನಲ್ಲಿ ದಪ್ಪಗೆ ಬಳಿಯಿರಿ. ಗೋಡೆಗೆ ಸುಣ್ಣ ಹೊಡೆದ ಹಾಗೆ ಹಿಂದೆ ಮುಂದೆ ಎಳೆದರೆ ಮೇಲಿನ ಪೊರೆ ಒಡೆದು ಔಷಧಿ ಆರಿಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದಲೇ ಕೆರೆಯಿರಿ. ಹಿಡಿಯ ಮೇಲಿನ ಚೌಕುಳಿ ಗೀರುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶೇ ಗತಿ. ತಂತಿ ಬ್ರಶ್ ತಂದವರನ್ನು ಹೊರಗೆ ಕಳಿಸಿ. ‘ಕಾಸ್ಟಿಕ್ ಸೋಡಾ ಹಾಕಿದರೆ ಒಂದೇ ಏಟಿಗೆ ಹೋಗುತ್ತೆ ಮಾರಾಯ್ರೇ’ ಎನ್ನುವವರೂ ಸಿಗುತ್ತಾರೆ. ಹೋಗುತ್ತದೆ, ನಿಜ. ಅಕ್ರೋಟ್ ಮರ ಕಪ್ಪಿಟ್ಟು ನಾರು ಸಡಿಲವಾಗುವುದನ್ನು ಮಾತ್ರ ಅವರು ಹೇಳುವುದಿಲ್ಲ.

ಗುರಿಗಾರರ ರೈಫಲ್ ಆದರೆ ಇನ್ನೊಂದು ಪೀಡೆ: ಲೋಹ ಅಲ್ಲಾಡದಂತೆ ಮರದೊಳಗೆ ತುಂಬಿದ ಗಟ್ಟಿ ಅಂಟು, ಅಂದರೆ ಎಪಾಕ್ಸಿ ಬೆಡ್ಡಿಂಗ್. ಗಟ್ಟಿಯಾದ ಎಪಾಕ್ಸಿ ಥಿನ್ನರಿಗೆ ಕರಗುವುದಿಲ್ಲ. ಬಾಟಲಿ ಸುರಿದರೆ ಹೊರಗಿನ ಪಾಲಿಶ್ ಇಳಿಯುತ್ತದೆ, ಒಳಗಿನದು ಜಮೀನ್ದಾರನ ಹಾಗೆ ಕೂತೇ ಇರುತ್ತದೆ. ಅದು ಬಗ್ಗುವುದು ಬಿಸಿಗೆ. ಬೆಸುಗೆ ಕಡ್ಡಿಯ (ಸೋಲ್ಡರಿಂಗ್ ಐರನ್) ತುದಿ ಮುಟ್ಟಿಸಿ, ಮೆತ್ತಗಾದಷ್ಟನ್ನು ಸಣ್ಣ ಉಳಿಯಿಂದ ಎಬ್ಬಿಸಿ. ಹೊಗೆ ಮೂಗಿಗೆ ಬೇಡ, ಕಡ್ಡಿ ಮರಕ್ಕೆ ಬೇಡ. ಪೂರ್ತಿ ತೆಗೆಯುವ ಹಟವೂ ಬೇಡ: ಭದ್ರವಾಗಿ ಹಿಡಿದಿರುವ ಹಳೆಯದು ಇರಲಿ. ಮೇಲೆ ಒಂದೂವರೆ, ಎರಡು ಮಿಲಿಮೀಟರ್ ಕೆರೆದು ಒರಟು ಮಾಡಿದರೆ ಹೊಸ ಎಪಾಕ್ಸಿಗೆ ಜಾಗವಾಯಿತು.

ಎಪಾಕ್ಸಿ ತುಂಬುವಾಗ ಲೋಹಕ್ಕೆ ಮೇಣ ಸವರಲು ಮರೆತು ಅದೇ ಮರಕ್ಕೆ ಅಂಟಿಕೊಂಡಿದ್ದರೆ ರಾತ್ರಿಯಿಡೀ ಫ್ರೀಜರಿನಲ್ಲಿಡಬೇಕು. ಉಕ್ಕು ಕುಗ್ಗುತ್ತದೆ, ಹಿಡಿತ ಬಿಡುತ್ತದೆ. ಲೋಹವನ್ನು ಮರಕ್ಕೆ ಹಿಡಿದಿಡುವ ಸ್ಕ್ರೂಗಳನ್ನು ಕೆಲವೇ ಸುತ್ತು ಕೂರಿಸಿ, ಅವುಗಳ ತಲೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಮನೆಯ ಫ್ರಿಜ್ಜಿನಲ್ಲಿ ರೈಫಲ್ ಹಿಡಿಸುವುದಿಲ್ಲ, ನಿಜ. ಹಾಗಂತ ಕೋವಿ ಹಿಡಿದು ಐಸ್‌ಕ್ರೀಮ್ ಅಂಗಡಿಗೆ ನುಗ್ಗಿ ‘ಸ್ವಲ್ಪ ಜಾಗ ಕೊಡಿ’ ಎನ್ನುವಂತಿಲ್ಲ.

ಕೊನೆಗೆ ಅಗಸೆ ಎಣ್ಣೆ. ತೆಳ್ಳಗೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಅಂಗಳದ ತಂತಿಗೆ ಹಾಕಿ.