ಅಡುಗೆಮನೆ ಕಿಟಕಿಗೆ ಪೂರ್ತಿ ಪರದೆ ಬೇಡ

ಅಡುಗೆಮನೆ ಕಿಟಕಿಗೂ ಹಾಲ್‌ಗೆ ಹಾಕುವಂಥ ಉದ್ದ ಪರದೆ ಹಾಕಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಬೆಂಗಳೂರಿನ 30x40 ಅಡಿ ಸೈಟಿನ ಮನೆಗಳಲ್ಲಿ ಗ್ಯಾಸ್ ಒಲೆ ಎಷ್ಟೋ ಸಲ ಕಿಟಕಿ ಪಕ್ಕದಲ್ಲೇ ಇರುತ್ತದೆ. ಗಾಳಿಗೆ ಹಾರಿದ ಪಾಲಿಯೆಸ್ಟರ್ ಬಟ್ಟೆ ಉರಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಅಲ್ಲಿ ಬಟ್ಟೆಯೇ ಬೇಡ.

ಪಕ್ಕದ ಮನೆಯವರ ಕಿಟಕಿ ಎದುರಿಗೇ ಇದೆ ಅನ್ನೋದೇ ತಾನೇ ನಮ್ಮ ತೊಂದರೆ? ಹಾಗಿದ್ದರೆ ಕಣ್ಣಿನ ಮಟ್ಟದವರೆಗೆ, ಅಂದರೆ ನೆಲದಿಂದ ಸುಮಾರು ಐದೂವರೆ ಅಡಿವರೆಗೆ ಮುಚ್ಚಿದರೆ ಸಾಕು. ಕೆಳಗಿನ ಗಾಜಿಗೆ ಫ್ರಾಸ್ಟೆಡ್ ಫಿಲ್ಮ್ (ಗಾಜನ್ನು ಮಸುಕಾಗಿಸುವ ಹಾಳೆ) ಅಂಟಿಸಿ, ಮೇಲಿನದನ್ನು ಹಾಗೇ ಬಿಡಿ. ಈ ಫಿಲ್ಮ್ ಬೆಳಕನ್ನು ತಡೆಯುವುದಕ್ಕಿಂತ ಜಾಸ್ತಿ ಚದುರಿಸುತ್ತದೆ, ಹಾಗಾಗಿ ಕಟ್ಟೆ ಮೇಲೆ ಕತ್ತಲಾಗುವುದಿಲ್ಲ. ಎದುರು ಮನೆ ಮಹಡಿಯಿಂದ ಕಾಣುತ್ತದೆ ಅನ್ನುವವರು ಮಾತ್ರ ಮೇಲಿನ ಗಾಜಿಗೂ ಹಾಕಿಸಿ.

ಕನ್ನಡಿ ಥರ ಹೊಳೆಯುವ, ಒಳಗಿನಿಂದ ಮಾತ್ರ ಹೊರಗೆ ಕಾಣುವ ಒನ್‌-ವೇ ಫಿಲ್ಮ್ ಬೇಡವೇ ಬೇಡ. ಹೊರಗೆ ಬೆಳಕು ಜಾಸ್ತಿ ಇರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಸಂಜೆ ಒಳಗೆ ಲೈಟ್ ಹಾಕಿದರೆ ಎಲ್ಲಾ ಉಲ್ಟಾ! ನಾವು ಚಪಾತಿ ಲಟ್ಟಿಸೋದು ಇಡೀ ಬೀದಿಗೆ ಶೋ.

ಅಡ್ಡ ಪಟ್ಟಿಗಳ ವೆನೀಷಿಯನ್ ಬ್ಲೈಂಡ್ಸ್ ಅನ್ನೂ ಹೊಗಳಿದ್ದೀರಿ. ಒಗ್ಗರಣೆ ಹೊಗೆ ಆ ಪಟ್ಟಿಗಳ ಮೇಲೆ ಕೂತು, ಅದರ ಮೇಲೆ ಧೂಳು ಕೂತರೆ ಒಂದೊಂದನ್ನೇ ಸೋಪು ನೀರಲ್ಲಿ ಒರೆಸಬೇಕು. ಯಾರಿಗಿದೆ ಅಷ್ಟು ಪುರುಸೊತ್ತು?

ಒಂದು ವಿಷಯ ಬಿಟ್ಟುಹೋಗಿದೆ ಅಲ್ವಾ? ಸ್ಲೈಡಿಂಗ್ ಕಿಟಕಿ ತೆರೆದರೆ ಫಿಲ್ಮ್ ಇದ್ದೂ ಪ್ರಯೋಜನವಿಲ್ಲ. ಒಲೆಯಿಂದ ದೂರ, ಸಿಂಕ್ ಕಡೆಯ ಕಿಟಕಿಯಾದರೆ ತೆಳು ಕಾಟನ್ನಿನ ಅರ್ಧ ಪರದೆ ಸಾಕು, ವಾರಕ್ಕೊಮ್ಮೆ ಒಗೆಯಬಹುದು.