ಏಳಂತಸ್ತಿನ ಕೋರ್ಟು, ಎರಡು ವರ್ಷದ ಕುರ್ಚಿ

ಪೇಪರಿನ ಒಳಪುಟದಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡಿಗೂ ಮೂಲವ್ಯಾಧಿಯ ಔಷಧಕ್ಕೂ ನಡುವೆ, ಆ ಪ್ರಕಟಣೆ ಮತ್ತೆ ಬಂದಿತ್ತು. ನೀವೂ ನೋಡಿರುತ್ತೀರಿ. ಮುಖ್ಯ ಕಾನೂನು ನೆರವು ಅಭಿರಕ್ಷಕರು, ಉಪ ಮುಖ್ಯ ಕಾನೂನು ನೆರವು ಅಭಿರಕ್ಷಕರು, ಸಹಾಯಕ ಕಾನೂನು ನೆರವು ಅಭಿರಕ್ಷಕರು ಬೇಕಾಗಿದ್ದಾರೆ, ಗುತ್ತಿಗೆ ಆಧಾರದ ಮೇಲೆ. ಇಷ್ಟನ್ನು ಒಂದೇ ಉಸಿರಿಗೆ ಓದಿದವರಿಗೆ ಇಂಟರ್‌ವ್ಯೂ ಇಲ್ಲದೆ ಕೆಲಸ ಕೊಡಬೇಕು.

ನಾನು ಜೋರಾಗಿಯೇ ಓದಿದೆ. ಒಳಗಿನಿಂದ ಅವ್ವ ಕೇಳಿದಳು, "ಯಾವ ಗುಡ್ಯಾಗೋ ಅಭಿಷೇಕ?"

ಅಭಿಷೇಕ ಅಲ್ಲವ್ವ, ಅಭಿರಕ್ಷಕ ಅಂದೆ. ಬಡವರು ಕೇಸಿನಲ್ಲಿ ಸಿಕ್ಕಿಕೊಂಡರೆ ಪುಕ್ಕಟೆ ವಾದ ಮಾಡುವ ವಕೀಲರು.

"ಸರ್ಕಾರಿ ವಕೀಲರು ಅನ್ನು ಮತ್ತ."

ಅಲ್ಲ, ಸರ್ಕಾರಿ ವಕೀಲರು ಬೇರೆ. ಅವರು ಆರೋಪಿಗೆ ಶಿಕ್ಷೆ ಆಗಲಿ ಅಂತ ವಾದ ಮಾಡುತ್ತಾರೆ. ಇವರು ಆಗಬಾರದು ಅಂತ.

"ಎರಡೂ ಕಡಿಗೆ ಸರ್ಕಾರದ್ದ ರೊಕ್ಕ?"

ಹೌದು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ಮನ್ಯಾಗ ಕುಂತ ಬಗಿಹರಿಸ್ಕೋಬಾರದನು?"

ದೇಶದಲ್ಲಿ ಈ ವ್ಯವಸ್ಥೆ ಬಂದದ್ದು 2022ರಲ್ಲಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಯೋಜನೆ. ಅದಕ್ಕೂ ಮೊದಲು ಪ್ಯಾನಲ್ ವಕೀಲರಿದ್ದರು. ಒಂದು ಕೇಸಿಗೆ ಒಬ್ಬರನ್ನು ನೇಮಿಸುತ್ತಿದ್ದರು. ಅವರಿಗೆ ತಮ್ಮ ಸ್ವಂತ ಕೇಸುಗಳ ಗದ್ದಲದಲ್ಲಿ ಈ ಪುಕ್ಕಟೆ ಕೇಸು ನೆನಪಾದರೆ ಆಯಿತು, ಇಲ್ಲದಿದ್ದರೆ ಮುಂದಿನ ತಾರೀಖು. ಅದರ ಬದಲು ಪೂರ್ತಿ ಹೊತ್ತು ಇದನ್ನೇ ಮಾಡುವ ವಕೀಲರ ಒಂದು ಆಫೀಸು ಇರಲಿ ಅಂತ ಯಾರಿಗೋ ಹೊಳೆಯಿತು. ಒಳ್ಳೆಯ ವಿಚಾರ. ಇದನ್ನು ನಾನು ವ್ಯಂಗ್ಯ ಬಿಟ್ಟು ಹೇಳುತ್ತಿದ್ದೇನೆ, ಈ ಅಂಕಣದಲ್ಲಿ ಹಾಗಾಗುವುದು ಅಪರೂಪ, ಗುರುತು ಹಾಕಿಟ್ಟುಕೊಳ್ಳಿ.

ಆದರೆ ಒಳ್ಳೆಯ ವಿಚಾರಕ್ಕೆ ನಮ್ಮಲ್ಲಿ ಕುರ್ಚಿ ಕೊಡುವ ರೀತಿಯೇ ಬೇರೆ.

ಮುಖ್ಯ ಅಭಿರಕ್ಷಕರಾಗಲು ಹತ್ತು ವರ್ಷ ಕ್ರಿಮಿನಲ್ ವಕೀಲಿಕೆ ಮಾಡಿರಬೇಕು. ಸೆಷನ್ಸ್ ಕೋರ್ಟಿನಲ್ಲಿ ಕಡಿಮೆ ಎಂದರೂ 30 ವಿಚಾರಣೆ ನಡೆಸಿರಬೇಕು. ಉಪ ಮುಖ್ಯರಿಗೆ ಏಳು ವರ್ಷ, 20 ವಿಚಾರಣೆ. ಸಹಾಯಕರಿಗೆ ಸೊನ್ನೆಯಿಂದ ಮೂರು ವರ್ಷ. ಸೊನ್ನೆ ಅಂದರೆ ಸೊನ್ನೆಯೇ, ಕೋಟಿನ ಇಸ್ತ್ರಿ ಇನ್ನೂ ಆರಿರುವುದಿಲ್ಲ. ಇನ್ನು ಎದುರಿಗೆ ನಿಲ್ಲುವ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ ಕಾನೂನು ಕೇಳುವುದು ಎಷ್ಟು ವರ್ಷ? ಏಳು. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೂ ಏಳು. ಎತ್ತರದ ಪೀಠದಲ್ಲಿ ಕೂತವರಿಗೆ ಏಳು ಸಾಕು, ಬಡವನ ಪಕ್ಕ ನಿಲ್ಲುವವನ ಮುಖ್ಯಸ್ಥನಿಗೆ ಹತ್ತು ಬೇಕು. ನೋಡಿ, ಬಡವರ ಬಗ್ಗೆ ನಮಗೆ ಎಂಥ ಕಾಳಜಿ!

ಆ ಹತ್ತು ವರ್ಷದವನು ಏನು ಮಾಡಬೇಕು? ತನ್ನ ಸ್ವಂತ ಪ್ರಾಕ್ಟೀಸು ಮುಚ್ಚಬೇಕು. ಖಾಸಗಿ ಕೇಸು ಹಿಡಿಯುವಂತಿಲ್ಲ. ಹತ್ತು ವರ್ಷ ಚಹಾ ಕುಡಿಸಿ, ಮದುವೆಗೆ ಹೋಗಿ, ಮಣ್ಣಿಗೆ ಹೋಗಿ ಕಟ್ಟಿಕೊಂಡ ಪಕ್ಷಗಾರರನ್ನೆಲ್ಲ ಪಕ್ಕದ ಟೇಬಲ್ಲಿನವನ ಕೈಗೆ ಕೊಟ್ಟು ಬರಬೇಕು. ಇಷ್ಟೆಲ್ಲ ತ್ಯಾಗಕ್ಕೆ ಸಿಗುವುದು ಎರಡು ವರ್ಷದ ಗುತ್ತಿಗೆ. ಆಮೇಲೆ ಕೆಲಸ ತೃಪ್ತಿಕರವಾಗಿದ್ದರೆ ವರ್ಷ ವರ್ಷಕ್ಕೆ ಮುಂದುವರಿಕೆ. ನಮ್ಮ ಕಡೆ ಹೊಲ ಲಾವಣಿಗೆ ಕೊಡುವವರೂ ಹೀಗೇ ಮಾಡುತ್ತಾರೆ. ಆದರೆ ಅಲ್ಲಿ ಬೆಳೆ ಬಂದರೆ ಲಾವಣಿ ಮಾಡಿದವನಿಗೂ ಒಂದು ಪಾಲು ಉಂಟು.

ಕೆಲಸ ತೃಪ್ತಿಕರ ಅಂತ ಹೇಳುವವರು ಯಾರು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದರ ಅಧ್ಯಕ್ಷರು ಯಾರು? ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ಅಭಿರಕ್ಷಕ ಬೆಳಗ್ಗೆ ಎದ್ದು ಯಾರ ಎದುರು ಗಂಟಲು ಹರಿದುಕೊಂಡು ಜಾಮೀನು ಕೇಳಬೇಕು? ಅದೇ ಸೆಷನ್ಸ್ ಕೋರ್ಟಿನಲ್ಲಿ. ಇದರಲ್ಲಿ ಯಾವ ನ್ಯಾಯಾಧೀಶರ ತಪ್ಪೂ ಇಲ್ಲ, ಒಳ್ಳೆಯವರೇ ಇದ್ದಾರೆ. ಆದರೆ ಅಳಿಯನಿಗೆ ಮಾವನ ಅಂಗಡಿಯಲ್ಲೇ ಕೆಲಸ, ಮಾವನ ವಿರುದ್ಧವೇ ಚೌಕಾಸಿ, ಸಂಜೆ ಮಾವನ ಹತ್ತಿರವೇ ಪಗಾರ ಅಂದರೆ, ಅಳಿಯ ಎಷ್ಟು ಜೋರಾಗಿ ಮಾತಾಡಿಯಾನು? ನೀವೇ ಹೇಳಿ.

ಪಗಾರ ಅಂದೆ, ತಪ್ಪಾಯಿತು. ಅದು ಗೌರವಧನ. ಎದುರಿಗಿರುವ ಸರ್ಕಾರಿ ಅಭಿಯೋಜಕರಿಗೆ ಒಂದು ಇಲಾಖೆಯೇ ಇದೆ. ಅಲ್ಲಿ ಕೇಡರ್ ಇದೆ, ತುಟ್ಟಿಭತ್ಯೆ ಇದೆ, ಬಡ್ತಿ ಇದೆ. ಅಭಿಯೋಜಕ, ಅಭಿರಕ್ಷಕ. ಹೆಸರಿನಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಆಸ್ತಿ ಹಂಚುವಾಗ ಅಣ್ಣನಿಗೆ ಧನ, ತಮ್ಮನಿಗೆ ಗೌರವ. ಅಂಗನವಾಡಿಯವರಿಗೆ ಗೌರವಧನ, ಆಶಾ ಅಕ್ಕಂದಿರಿಗೆ ಗೌರವಧನ, ಅತಿಥಿ ಉಪನ್ಯಾಸಕರಿಗೆ ಗೌರವಧನ. ಸರ್ಕಾರ ಯಾರಿಗೆ ಗೌರವ ಕೊಡುತ್ತಿದೆ ಅಂತ ಕೇಳಿದರೆ ಸಾಕು, ಅವರ ಹುದ್ದೆ ಕಾಯಂ ಅಲ್ಲ ಅಂತ ನಮ್ಮ ಓಣಿಯ ಹುಡುಗರೂ ಹೇಳುತ್ತಾರೆ.

ನನಗೆ ಪರಿಚಯದ ಒಬ್ಬ ಸಹಾಯಕ ಅಭಿರಕ್ಷಕ ಇದ್ದಾನೆ. ಚುರುಕು ಹುಡುಗ. ಅವನಿಗೆ ಹೆಣ್ಣು ನೋಡಲು ಹಾವೇರಿ ಕಡೆಯ ಒಂದು ಊರಿಗೆ ನಾನೂ ಹೋಗಿದ್ದೆ, ಅವಲಕ್ಕಿ ತಿನ್ನಲು ಜನ ಬೇಕಲ್ವಾ? ಹುಡುಗಿಯ ಅಪ್ಪ ಕೇಳಿದರು, "ತಮ್ಮಾ, ಏನ್ ಮಾಡ್ತೀಪಾ?"

"ಕೋರ್ಟಿನ್ಯಾಗ ಅದೀನ್ರಿ ಮಾವಾರ."

"ಸರ್ಕಾರಿ ವಕೀಲನ?"

"ಸರ್ಕಾರದ ರೊಕ್ಕ ಬರ್ತೈತ್ರಿ. ಆದ್ರ ಸರ್ಕಾರದ ಎದುರಿಗೆ ನಿಂದರ್ತೀನ್ರಿ."

"ಯಾರ ಪರ ನಿಂದರ್ತೀ?"

"ಕಳವಿನ ಕೇಸು, ಬಡಿದಾಟದ ಕೇಸು, ಹಿಂಗ ರೀ."

ಅವರು ಹೆಂಡತಿಯ ಮುಖ ನೋಡಿದರು. "ಪರ್ಮನೆಂಟ ಐತಿಲ್ಲೋ?" ಹುಡುಗ ಅವಲಕ್ಕಿ ತಟ್ಟೆ ಕೆಳಗಿಟ್ಟ. ನನಗೆ ಆಗಲೇ ಗೊತ್ತಾಯಿತು, ಎರಡನೇ ಸಲ ಚಹಾ ಬರುವುದಿಲ್ಲ. ಸೆಷನ್ಸ್ ಕೋರ್ಟಿನಲ್ಲಿ ಪಾಟೀಸವಾಲಿಗೆ ಸಾಕ್ಷಿಯನ್ನು ನೀರು ಕುಡಿಸುವ ಹುಡುಗ, ಆ ಒಂದು ಪ್ರಶ್ನೆಗೆ ತಾನೇ ನೀರು ಕೇಳಿದ.

ಅಮೆರಿಕದವರು ಈ ವಿಷಯದಲ್ಲಿ ಸ್ವಲ್ಪ ಮುಂದಿದ್ದಾರೆ. ಕ್ಲಾರಾ ಫೋಲ್ಟ್ಸ್ ಎಂಬ ವಕೀಲೆ 1893ರಲ್ಲಿ ಷಿಕಾಗೋದಲ್ಲಿ ನಿಂತು, ಆರೋಪ ಹೊರಿಸಲು ಸರ್ಕಾರದ ವಕೀಲ ಇರುವಂತೆ ಬಿಡಿಸಲೂ ಒಬ್ಬ ಇರಬೇಕು ಅಂತ ವಾದಿಸಿದರು. 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಂಥ ಆಫೀಸೇ ಶುರುವಾಯಿತು. ಈ ಕೆಲಸ ಮಾಡಿದ ಕೆಟಾಂಜಿ ಬ್ರೌನ್ ಜಾಕ್ಸನ್ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಕೂತರು. ನಮ್ಮಲ್ಲಿ ಯೋಜನೆ ಬಂದದ್ದೂ 2022ರಲ್ಲೇ. ಅಲ್ಲಿ ಏಣಿಯ ತುದಿ ಮುಟ್ಟಿದ ವರ್ಷ ನಾವು ಏಣಿಗೆ ಟೆಂಡರ್ ಕರೆದೆವು, ಅದೂ ಬಾಡಿಗೆ ಏಣಿಗೆ.

ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಫ್ಲೋರಿಡಾದಲ್ಲಿ ಈ ಆಫೀಸಿನ ಮುಖ್ಯಸ್ಥರನ್ನು ಜನ ಓಟು ಹಾಕಿ ಆರಿಸುತ್ತಾರೆ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಹೀಗಾದರೆ? ಚೆನ್ನಮ್ಮ ಸರ್ಕಲ್‌ನಲ್ಲಿ ಮೂವತ್ತು ಅಡಿಯ ಫ್ಲೆಕ್ಸ್. ಕಪ್ಪು ಕೋಟು, ಕಪ್ಪು ಕನ್ನಡಕ, ಕೈಯಲ್ಲಿ ಕಡತ. "ಆರೋಪಿಗಳ ಆಪದ್ಬಾಂಧವ, ಜಾಮೀನು ಕೇಸರಿ, ಯುವ ನ್ಯಾಯವಾದಿ ಅಣ್ಣನಿಗೆ ಹುಟ್ಟುಹಬ್ಬದ ಶುಭಾಶಯಗಳು." ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಹದಿನಾರು ಫೋಟೊ, ಅದರಲ್ಲಿ ಹನ್ನೆರಡು ಅಣ್ಣನೇ ಬಿಡಿಸಿಕೊಂಡು ಬಂದವರು. ದುರ್ಗದ ಬೈಲಿನಲ್ಲಿ ಪ್ರಚಾರ ಸಭೆ, ಬಂದವರಿಗೆಲ್ಲ ಗಿರಮಿಟ್ಟು ಮಿರ್ಚಿ. ವಿರೋಧ ಪಕ್ಷದವನ ಪ್ರಣಾಳಿಕೆ: ಮೊದಲ ಕಳವಿಗೆ ಸಂಪೂರ್ಣ ಉಚಿತ. ಬೇಡಪ್ಪ, ಗುತ್ತಿಗೆಯೇ ಇರಲಿ ಅಂತ ಬೆಳಗಿನ ಜಾವ ಮಲಗಿದೆ.

ನಮಗೆ ಉದ್ದದ ಮೇಲೆ, ಎತ್ತರದ ಮೇಲೆ ಪ್ರೀತಿ ಜಾಸ್ತಿ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ. 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಕೊನೆಯ ಡಬ್ಬಿಯಲ್ಲಿ ಇಳಿದವನು ಗೇಟು ಮುಟ್ಟುವಷ್ಟರಲ್ಲಿ ಹಸಿವಾಗುತ್ತದೆ, ಆ ಮಾತು ಬೇರೆ. 2018ರಲ್ಲಿ ಏಳು ಅಂತಸ್ತಿನ ಕೋರ್ಟು ಕಟ್ಟಿದೆವು. ತಾಲ್ಲೂಕು ಮಟ್ಟದಲ್ಲಿ ಏಷ್ಯಾದಲ್ಲೇ ದೊಡ್ಡದು ಅಂತ ಎದೆ ತಟ್ಟಿಕೊಂಡೆವು. ಅದರ ಆಸುಪಾಸಿನಲ್ಲೇ ನವನಗರದಲ್ಲಿ ರಾಜ್ಯದ ಕಾನೂನು ವಿಶ್ವವಿದ್ಯಾಲಯ. ಧಾರವಾಡದಲ್ಲಿ ಹೈಕೋರ್ಟ್ ಪೀಠ, 2013ರಲ್ಲಿ ಕಾಯಂ ಆಯಿತು. ಅದಕ್ಕಾಗಿ ಈ ಭಾಗದ ವಕೀಲರು ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದರು. ಪೀಠ ಕಾಯಂ, ಕಟ್ಟಡ ಕಾಯಂ, ಲಿಫ್ಟಿನ ಎದುರಿನ ಸಾಲೂ ಕಾಯಂ. ಬಡವನ ವಕೀಲ ಮಾತ್ರ ಗುತ್ತಿಗೆ.

ಬಡವನಿಗೆ ವಕೀಲ ಕೊಡುವ ಕಾನೂನಿಗೂ ಧಾರವಾಡಕ್ಕೂ ಹಳೆಯ ನಂಟಿದೆ. ಹಿಂದೆ ಸೌರಾಷ್ಟ್ರ ವಿಶ್ವವಿದ್ಯಾಲಯದ ಒಬ್ಬ ರೀಡರು, ಅಂದರೆ ಪಾಠ ಹೇಳುವ ಮೇಷ್ಟ್ರು, ಮುಂಬಯಿಯ ಅಚ್ಚಿನ ಬ್ಲಾಕ್ ಮಾಡುವವರ ಹತ್ತಿರ ಒಂದು ಮೊಹರು ಮಾಡಿಸಲು ಹೋದ. ಯಾರ ಮೊಹರು? ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದು! ನಕಲಿ ಪದವಿಗೂ ಧಾರವಾಡದ್ದೇ ಬೇಕಾಯಿತು ನೋಡಿ, ಪೇಢೆಯ ಹಾಗೆ. ಸಿಕ್ಕಿಬಿದ್ದ. ಹೈಕೋರ್ಟ್ ಮೂರು ವರ್ಷ ಕೊಟ್ಟಿತು. ತೀರ್ಪಿನ ಪ್ರತಿ ಜೈಲಿನಲ್ಲಿ ತನ್ನ ಕೈಗೆ ಸೇರಲೇ ಇಲ್ಲ ಅಂತ ವರ್ಷಗಳ ಮೇಲೆ ಸುಪ್ರೀಂ ಕೋರ್ಟಿಗೆ ಹೋದ. ಅದೇ 1978ರ ಹೊಸ್ಕೋಟ್ ಪ್ರಕರಣ. ಅವನ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ, ಕೈದಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗಬೇಕು, ಅಪೀಲಿಗೆ ವಕೀಲನನ್ನು ಇಟ್ಟುಕೊಳ್ಳಲು ಆಗದಿದ್ದರೆ ವಕೀಲನನ್ನು ಕೊಡಬೇಕು ಅಂತ ಹೇಳಿತು. ಅರ್ಜಿ ವಜಾ, ಕಾನೂನು ಜಮಾ. ಹುಸಿ ಮೊಹರಿನಿಂದ ಒಂದು ಖರೆ ಹಕ್ಕು ಹುಟ್ಟಿತು.

ಆ ಹಕ್ಕನ್ನು ಕಿತ್ತುಕೊಳ್ಳಲು ಹೊರಟದ್ದೂ ಇಲ್ಲೇ. 2020ರ ಫೆಬ್ರುವರಿ ನೆನಪಿದೆಯಲ್ಲ? ದೇಶದ್ರೋಹದ ಆರೋಪ ಹೊತ್ತ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಅಂತ ಹುಬ್ಬಳ್ಳಿಯ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಕ್ಕೆ ಬೆಲೆಯೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಬೆಂಗಳೂರಿನ ವಕೀಲರು ಪೊಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಬರಬೇಕಾಯಿತು, ಹೈಕೋರ್ಟ್ ಗದರಿಸಬೇಕಾಯಿತು. ಊರೆಲ್ಲ ಬೆನ್ನು ತಿರುಗಿಸಿದ ದಿನ ಎದ್ದು ನಿಲ್ಲಲಿಕ್ಕೇ ಒಬ್ಬ ಬೇಕು. ಅಂಥ ದಿನ ನಿಲ್ಲುವವನಿಗೆ ಮರುದಿನವೂ ಕೆಲಸ ಇರುತ್ತದೆ ಎಂಬ ಧೈರ್ಯ ಬೇಡವೇ? ಮುಂದಿನ ವರ್ಷ ನವೀಕರಣ ಆಗುತ್ತದೋ ಇಲ್ಲವೋ ಅಂತ ಎಣಿಸುವವನು ಊರನ್ನು ಎದುರು ಹಾಕಿಕೊಂಡಾನೇ?

ಇನ್ನು ತಮಾಷೆ ಸಾಕು. ಸರ್ಕಾರದ್ದೇ ಲೆಕ್ಕ, 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾರೂ ಹೇಳಿಲ್ಲ. ನನಗೆ ಗೊತ್ತಿರುವ ಒಬ್ಬ ಹಮಾಲನಿಗೆ ಜಾಮೀನು ಸಿಕ್ಕಿತ್ತು. ಸಿಕ್ಕ ಮೇಲೂ ಒಳಗೇ ಇದ್ದ. ಯಾಕೆ? ಜಾಮೀನು ನಿಲ್ಲುವವನು ಹೊಲದ ಉತಾರ, ಅಂದರೆ ಪಹಣಿ, ತರಬೇಕು. ಅವನ ಬಳಗದಲ್ಲಿ ಯಾರ ಹೆಸರಿನಲ್ಲೂ ಒಂದು ಗೇಣು ಭೂಮಿ ಇಲ್ಲ. ಅವನ ಹೆಂಡತಿ ಎರಡು ವಾರ ಮನೆ ಮನೆ ತಿರುಗಿದಳು. ನಮ್ಮ ಮನೆಗೂ ಬಂದಿದ್ದಳು. ನನ್ನ ಹೆಸರಿನಲ್ಲಿ ಉತಾರ ಇತ್ತು. ನಾನು ನೋಡೋಣ ಅಂದೆ. ಈ ನೋಡೋಣ ಅನ್ನುವ ಮಾತಿನ ಮೇಲೆ ಈಗಲೂ ನನಗೆ ಸಿಟ್ಟು ಬರುತ್ತದೆ, ಹಾಗಾಗಿ ಸರ್ಕಾರವನ್ನು ಬೈಯುವಾಗ ನನ್ನ ದನಿ ಸ್ವಲ್ಪ ಸಣ್ಣದು. ಕೊನೆಗೆ ಅವನ ಕಡತ ಹಿಡಿದು ಓಡಾಡಿ, ಷರತ್ತು ಸಡಿಲಿಸಿ ಹೊರಗೆ ತಂದವನು ಅವಲಕ್ಕಿ ತಟ್ಟೆ ಕೆಳಗಿಟ್ಟ ಅದೇ ಹುಡುಗ. ಬೆಳಗ್ಗೆ ಧಾರವಾಡ, ಮಧ್ಯಾಹ್ನ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿ, ಸಂಜೆ ಜೈಲು. ಒಂದು ಕೇಸಿನ ತಾರೀಖು ಅವನ ಗುತ್ತಿಗೆ ಮುಗಿಯುವ ದಿನ ದಾಟಿ ಆಚೆಗೆ ಬಿದ್ದಿದೆಯಂತೆ. "ಅವತ್ತೂ ನೀವ ಬರ್ತೀರಲ್ರಿ ಸಾಹೇಬ್ರ?" ಅಂತ ಒಳಗಿದ್ದವನು ಕೇಳಿದ್ದಾನೆ. ಹುಡುಗ ಹೂಂ ಅಂದನಂತೆ.

ಇಷ್ಟರ ನಡುವೆ ಅವನ ಹಿರಿಯರೊಬ್ಬರು ತಮ್ಮ ಕೋಣೆಗೆ ಒಂದು ಬೋರ್ಡು ಬರೆಸಲು ಪೇಂಟರ್ ಹತ್ತಿರ ಹೋಗಿದ್ದರು. ಕೋಣೆಯ ಬಾಗಿಲು ಸಣ್ಣದು, ಹುದ್ದೆಯ ಹೆಸರು ಉದ್ದ. ಪೇಂಟರ್ ಟೇಪು ಹಿಡಿದು ಅಳೆದ, ಅಕ್ಷರ ಎಣಿಸಿದ, ಮತ್ತೊಮ್ಮೆ ಎಣಿಸಿದ. ಆಮೇಲೆ ಕೇಳಿದ, "ಎಷ್ಟ ವರ್ಷದ ಕೆಲಸರಿ ಇದು?"

"ಸದ್ಯಕ್ಕ ಎರಡು ವರ್ಷ."

ಅವನು ಬ್ರಷ್ಷು ಕೆಳಗಿಟ್ಟ. "ಹಂಗಾರ ಪೇಂಟ್ ಯಾಕ್ರಿ ಸಾಹೇಬ್ರ, ಸ್ಟಿಕ್ಕರ್ ಹಚ್ಚಿಬಿಡೂಣು. ತಗಿಯಾಕ ಸಲೀಸ ಆಕ್ಕೈತಿ."