‘ಡಿಸ್‌ಗ್ರಂಟಲ್ಡ್’ ಕುರಿತ ನನ್ನ ಸಂದೇಶ ತಪ್ಪು: ದಯವಿಟ್ಟು ಹಂಚಬೇಡಿ

‘ಗ್ರಂಟಲ್ಡ್ ಎಂದರೆ ಸಂತುಷ್ಟ, ಅದಕ್ಕೆ ಡಿಸ್ ಸೇರಿದ್ದರಿಂದ ಡಿಸ್‌ಗ್ರಂಟಲ್ಡ್ ಎಂದರೆ ಅಸಂತುಷ್ಟ’ ಎಂದು ಕಳೆದ ವಾರ ವಾಟ್ಸ್‌ಆ್ಯಪ್‌ನಲ್ಲಿ ಬರೆದವನು ನಾನೇ. ಅದೀಗ ಊರೆಲ್ಲ ಸುತ್ತಿ ನನ್ನ ಮೊಬೈಲಿಗೇ ಮರಳಿ ಬಂದಿದೆ. ಪದದ ಅರ್ಥ ಸರಿಯಿದೆ, ಹುಟ್ಟಿನ ಕಥೆ ತಪ್ಪು.

ಹಂದಿ ಗುರುಗುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಗ್ರಂಟ್ ಎನ್ನುತ್ತಾರೆ. ಅದರಿಂದ ಬಂದ ಹಳೆಯ ಕ್ರಿಯಾಪದ ಗ್ರಂಟಲ್, ಎಂದರೆ ಗೊಣಗುವುದು. ಸಂತೋಷದ ಸುಳಿವೇ ಅಲ್ಲಿಲ್ಲ! ಇಲ್ಲಿನ ‘ಡಿಸ್’ ನಿಷೇಧಾರ್ಥಕವಲ್ಲ, ಅರ್ಥಕ್ಕೆ ಒತ್ತು ಕೊಡುವ ಉಪಸರ್ಗ. ನಮ್ಮ ‘ವಿ’ಯನ್ನೇ ನೋಡಿ: ವಿರೂಪದಲ್ಲಿ ರೂಪ ಕೆಡುತ್ತದೆ, ವಿಖ್ಯಾತದಲ್ಲಿ ಖ್ಯಾತಿ ಹೆಚ್ಚುತ್ತದೆ. ಡಿಸ್‌ಗ್ರಂಟಲ್ಡ್ 17ನೇ ಶತಮಾನದ ಪದ. ‘ಸಂತುಷ್ಟ’ ಎಂಬ ಅರ್ಥದ ಗ್ರಂಟಲ್ಡ್ ಅದರ ಬಾಲ ಹಿಡಿದು 20ನೇ ಶತಮಾನದಲ್ಲಿ ತಮಾಷೆಗೆ ಹುಟ್ಟಿದ್ದು. ಆಕ್ಸ್‌ಫರ್ಡ್, ಮೆರಿಯಮ್-ವೆಬ್‌ಸ್ಟರ್ ನಿಘಂಟುಗಳಲ್ಲಿ ಇದನ್ನು ನೋಡಬಹುದು. ಬರೆಯುವ ಮೊದಲೇ ನಾನು ನೋಡಬೇಕಿತ್ತು.

ಬಳಕೆಯ ಬಗ್ಗೆಯೂ ಒಂದು ಮಾತು. ಸೊಳ್ಳೆ ಕಚ್ಚಿದಾಗಿನ ಕಿರಿಕಿರಿಗೆ ಈ ಪದ ಹೊಂದುವುದಿಲ್ಲ. ಅದಕ್ಕೆ ಇರಿಟೇಟೆಡ್ ಸಾಕು. ತನಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಒಳಗೊಳಗೇ ಕುದಿಯುವವನು ಡಿಸ್‌ಗ್ರಂಟಲ್ಡ್: ಬಡ್ತಿ ಸಿಗದ ನೌಕರ, ಮಂತ್ರಿಗಿರಿ ತಪ್ಪಿದ ಶಾಸಕ. 2019ರಲ್ಲಿ ನಮ್ಮ ಪತ್ರಿಕೆಗಳು ದಿನವೂ ಅಚ್ಚು ಹಾಕಿದ ‘ಅತೃಪ್ತ ಶಾಸಕರು’ ಇದಕ್ಕೆ ಸೊಗಸಾದ ಕನ್ನಡ.

ಹಳೆಯ ಸಂದೇಶ ನಿಮ್ಮಲ್ಲಿದ್ದರೆ ಅಳಿಸಿಬಿಡಿ. ಯಾರಿಗಾದರೂ ಕಳುಹಿಸಿದ್ದರೆ ಅವರಿಗೆ ಇದನ್ನೂ ತಲುಪಿಸಿ.